ಏಕಾಂತಯ್ಯನವರ ಕೋಳಿ

"ಅಯ್ಯೋ ಶಿವನೇ! ಅದೇನವ್ವಾ, ಸೆರಗಿನೊಳಗೆ ಏನೋ ಮಿಸುಕಾಡ್ತಾ ಐತಲ್ಲ?"

ಗೇಟಿನ ಚಿಲಕಕ್ಕೆ ಕೈ ಹಾಕಿದ ಕಮಲಾದೇವಿ ಹಾಗೇ ನಿಂತುಬಿಟ್ಟರು. ಆಚೆ ನಿಂತಿದ್ದ ಹೆಂಗಸು ಸೆರಗನ್ನು ಸ್ವಲ್ಪ ಸರಿಸಿದಳು. ಕಾಲು ಕಟ್ಟಿದ್ದ ಕೆಂಚು ಬಣ್ಣದ ನಾಟಿ ಕೋಳಿಯೊಂದು ತಲೆ ಹೊರಗೆ ಹಾಕಿ, ಜಯನಗರದ ನಾಲ್ಕನೇ ಬ್ಲಾಕನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿತು.

"ಸಂಘದ ಎಜಮಾನ್ರ ಮನೆ ಇದೇನಾ ಅಮ್ಮಾವ್ರೇ? ಅನ್ಯಾಯ ಆದೋರ ಕಡೀಕೆ ನಿಂತ್ಕತಾರಂತಲ್ಲ, ಆ ಸಂಘ?"

ಮನೆ ಅದೇ. ಗೋಡೆಗೆ ಹೊಡೆದಿದ್ದ ತಗಡಿನ ಹಲಗೆಯ ಮೇಲೆ 'ನಾಗರಿಕ ಹಕ್ಕು ರಕ್ಷಣಾ ಸಂಘ' ಎಂದು ಬರೆದಿತ್ತು. ಸಂಘವೆಂದರೆ ಬಹಳವೇನಿಲ್ಲ. ದಾವಣಗೆರೆಯಲ್ಲಿ ಹೈಸ್ಕೂಲು ಮೇಷ್ಟರಾಗಿದ್ದು ನಿವೃತ್ತರಾಗಿ ಇಲ್ಲಿ ಬಂದು ನೆಲೆಸಿದ ಏಕಾಂತಯ್ಯ, ವಕೀಲ ಬದರಿನಾಥ, ಒಂದು ಮೇಜು, ಒಂದು ಬೆಂಚು, ಮತ್ತು ಭಾನುವಾರ ಬೆಳಿಗ್ಗೆ ಬಂದು ಮಾತಾಡಿ ಹೋಗುವ ಇನ್ನು ನಾಲ್ಕಾರು ಜನ. ಹೊಸ ಬಡಾವಣೆಯವರು ಆ ಹಲಗೆ ನೋಡಿ ನಗುತ್ತಿದ್ದರು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾಯ್ತು, ಈ ಮೇಷ್ಟರು ಇನ್ನೂ ಯಾರಿಂದ ಯಾರನ್ನು ರಕ್ಷಣೆ ಮಾಡ್ತಾರೆ ಎಂದು. ನಗುವವರಿಗೇನು, ಅವರ ಮನೆಗೆ ಪೊಲೀಸರು ಬಂದರೆ ಕಾಫಿ ಕುಡಿದು ನಮಸ್ಕಾರ ಹೇಳಿ ಹೋಗುತ್ತಿದ್ದರು.

ಕಮಲಾದೇವಿ ಆಕೆಯನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿದರು. ಕೋಳಿ ಬೆಂಚಿನ ಕೆಳಗೆ ಬಿತ್ತು. ಮೂರು ಹೊತ್ತೂ ಲಿಂಗಪೂಜೆ ನಡೆಯುವ ಮನೆ ಅದು. ಆ ಹೊಸ್ತಿಲಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತಿದವರಲ್ಲ. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಂದ ಏಕಾಂತಯ್ಯನವರು ಕೋಳಿಯನ್ನು ನೋಡಿ, ನೋಡದವರ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

"ಏನಾತವ್ವಾ? ಹೇಳು."

ಹೆಂಗಸಿನ ಹೆಸರು ಬೈರಮ್ಮ, ಊರು ಮಾರೇನಹಳ್ಳಿ. ಗಂಡ ಬೋರಣ್ಣನನ್ನು ಶಿವರಾತ್ರಿ ಅಮಾವಾಸ್ಯೆಯ ದಿನ ಬೆಳಗಿನ ಜಾವ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಇವತ್ತು ಭಾನುವಾರ, ನಾಲ್ಕು ದಿನವಾಗಿತ್ತು. ಅಳು ಬರದಿರಲೆಂದು ಆಕೆ ಜೋರಾಗಿ ಮಾತಾಡುತ್ತಿದ್ದಳು.

ನಡೆದದ್ದು ಇಷ್ಟು. ಅವರ ಎರಡೆಕರೆ ರಾಗಿ ಹೊಲ ಬಡಾವಣೆಗೆ ಹೋಗಿತ್ತು. ಹೊಲದ ಮೂಲೆಯಲ್ಲಿ ಬೋರಣ್ಣನ ಅಪ್ಪನನ್ನು ಮಣ್ಣು ಮಾಡಿದ್ದರು. ಸರ್ಕಾರ ಸೈಟುಗಳ ಗೆರೆ ಎಳೆಯುವಾಗ ಅಪ್ಪ ಯಾವ ಸೈಟಿಗೆ ಸೇರಿದ ಎಂದು ಯಾರೂ ಕೇಳಿರಲಿಲ್ಲ. ಸೈಟು ಖಾಲಿ ಇರುವ ತನಕ ಬೋರಣ್ಣ ಪ್ರತಿ ಅಮಾವಾಸ್ಯೆ ಹೋಗಿ ಅಪ್ಪನ ಗುಡ್ಡೆಯ ತಲೆದೆಸೆಯ ಕಲ್ಲಿಗೆ ಹಾಲು ಬಿಟ್ಟು ಬರುತ್ತಿದ್ದ. ಈಚೆಗೆ ಅಲ್ಲಿ ಮನೆ ಎದ್ದಿತು, ಕಾಂಪೌಂಡು ಬಂತು, ಕಲ್ಲು ಕಾಂಪೌಂಡಿನ ಒಳಗೆ ಬಾಳೆಗಿಡದ ಬುಡಕ್ಕೆ ಸೇರಿತು. ಬೋರಣ್ಣ ಯಾರನ್ನೂ ಕೇಳಲು ಹೋಗಲಿಲ್ಲ. ಅಪ್ಪನಿಗೆ ಹಾಲು ಬಿಡಲು ಯಾರನ್ನು ಕೇಳುವುದು? ನಸುಕಿನಲ್ಲಿ ಗೋಡೆ ಹಾರಿದ. ಕಾವಲುಗಾರ ಕಳ್ಳ ಕಳ್ಳ ಎಂದು ಕೂಗಿದ. ಆ ಮನೆಯಲ್ಲಿ ಹಿಂದಿನ ವಾರವಷ್ಟೇ ಒಂದು ಹಿತ್ತಾಳೆ ಚೊಂಬು ಕಳೆದುಹೋಗಿತ್ತು. ಬೋರಣ್ಣನ ಕೈಯಲ್ಲಿ ಹಾಲಿದ್ದದ್ದೂ ಹಿತ್ತಾಳೆ ಚೊಂಬಿನಲ್ಲೇ.

"ನಮ್ಮವ್ವ ಮದುವೇಲಿ ಕೊಟ್ಟ ಚೊಂಬು ಬುದ್ಧಿ ಅದು. ಅದ್ನೇ ಕದ್ದ ಮಾಲು ಅಂದ್ಬುಟ್ರು. ಒಂದು ಮಾತು ಕೇಳ್ಬಾರ್ದಾ ಅಂದೆ. ಆ ದಫೇದಾರ ಏನಂದ ಗೊತ್ತಾ? 'ಕೋಳಿ ಕೇಳಿ ಮಸಾಲೆ ಅರೀತಾರೇನಮ್ಮಾ' ಅಂತ ನಕ್ಕ."

"ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ರಾ?"

"ಅದ್ಯಾರೋ ನಾ ಕಾಣೆ. ಎರಡು ಕೋಳಿ ಕೊಟ್ಟು ಬಂದೀನಿ ಟೇಸನ್ನಿಗೆ. ಒಂದು ಕೊಟ್ಟಾಗ ಮುಖ ತೋರ್ಸಿದ್ರು. ಇನ್ನೊಂದು ಕೊಟ್ಟಾಗ ಅವ್ರ ಕೂಗು ಕೇಳಿಸ್ತು, ಒಳಗಿಂದ."

ಏಕಾಂತಯ್ಯನವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಬೈರಮ್ಮ ಮುಂದುವರಿಸಿದಳು. ದಫೇದಾರ ಈಗ ಒಂದು ದಾರಿ ಹೇಳಿದ್ದ. ಸೋಮವಾರ ಸಂಜೆ ಬಂದು ಆಕೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು: ಈ ಚೊಂಬು ನಮ್ಮದಲ್ಲ, ಗಂಡ ಎಲ್ಲಿಂದಲೋ ತಂದದ್ದು ಎಂದು. ಒತ್ತಿದರೆ ಸಣ್ಣ ಕೇಸು ಹಾಕಿ ಬಿಡುತ್ತಾರೆ. ಒತ್ತದಿದ್ದರೆ ಬಡಾವಣೆಯಲ್ಲಿ ಈ ವರ್ಷ ಆದ ಕಳ್ಳತನವೆಲ್ಲ ಬೋರಣ್ಣನ ತಲೆಗೆ.

"ಒತ್ತಬ್ಯಾಡ!" ಎಂದರು ಏಕಾಂತಯ್ಯ, ಕ್ಲಾಸಿನಲ್ಲಿ ಕೂಗುವ ಹಾಗೆ. "ಒತ್ತಿದ್ರೆ ನೀನೇ ನಿನ್ನ ಗಂಡನ್ನ ಕಳ್ಳ ಅಂದಂಗಾತು. ನೋಡವ್ವಾ, ಯಾರನ್ನೇ ಹಿಡಿದ್ರೂ ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದಾಗೆ ಬರೆದೈತಿ. ನಿನ್ನ ಗಂಡ ಕದ್ದಿದ್ರೂ ಅಷ್ಟೇ, ಕದೀದಿದ್ರೂ ಅಷ್ಟೇ."

"ಅವ್ರು ಕದ್ದಿಲ್ಲ ಬುದ್ಧಿ!"

"ಇಲ್ಲವ್ವಾ, ನಾ ಹೇಳಿದ್ದು ಅದಲ್ಲ. ಕದ್ದಿದ್ರೂ ಅಂದೆ."

ಬೈರಮ್ಮನ ಮುಖ ಮುಚ್ಚಿಕೊಂಡಿತು. ಏಕಾಂತಯ್ಯನವರು ಗಮನಿಸಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಕೋರ್ಟಿನ ಆವರಣಕ್ಕೆ ಬಾ, ಅರಳಿಮರದ ಕೆಳಗೆ ನಾನೂ ವಕೀಲರೂ ಕಾದಿರ್ತೀವಿ, ನೀನು ಬಂದರೇನೇ ಅರ್ಜಿ ಹಾಕೋದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಆಕೆ ಎಲ್ಲಕ್ಕೂ ಹೂಂ ಎಂದಳು. ಎದ್ದು, ಬೆಂಚಿನ ಕೆಳಗಿಂದ ಕೋಳಿಯನ್ನು ತೆಗೆದು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

ಏಕಾಂತಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ತಗೊಂಡು ಹೋಗು ತಾಯಿ. ಯಾರಿಂದಲೂ ಒಂದು ಎಲೆ ಅಡಿಕೆ ಸಹ ಮುಟ್ಟಬಾರದು ಅಂತ ನಮ್ಮ ಸಂಘದ ನಿಯಮ. ನಿನಗೆ ಒಳ್ಳೇದಾಗಲಿ." ಕೈ ಮುಗಿದರು. ಆ ನಿಯಮ ಬರೆದವರು ಅವರೇ. ಅದರ ಬಗ್ಗೆ ಅವರಿಗೆ ತುಸು ಹೆಮ್ಮೆಯೂ ಇತ್ತು.

ಬೈರಮ್ಮ ಅವರ ಮುಖವನ್ನೊಮ್ಮೆ, ಕೋಳಿಯನ್ನೊಮ್ಮೆ ನೋಡಿದಳು. ಕೋಳಿಯ ಕಾಲಿನ ಹುರಿಯನ್ನು ಬಿಗಿ ಮಾಡಿ ಸೆರಗಿನೊಳಗೆ ಸೇರಿಸಿಕೊಂಡು ಹೊರಟಳು.

ಮಾರೇನಹಳ್ಳಿಯಲ್ಲಿ 'ಆಗುವುದಿಲ್ಲ' ಎಂದು ಬಾಯಿ ಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ಹೆಣ್ಣು ಕೇಳಲು ಬಂದವರ ಎಲೆ ಅಡಿಕೆ ಮುಟ್ಟದೆ 'ಒಳ್ಳೇದಾಗ್ಲಿ' ಎಂದು ಕೈ ಮುಗಿದರೆ ಸಂಬಂಧ ಮುರಿಯಿತೆಂದೇ ಅರ್ಥ. ನ್ಯಾಯ ಕೇಳಲು ತಂದ ಬೆಲ್ಲದಚ್ಚನ್ನು ಗೌಡ ಹಿಂದಕ್ಕೆ ತಳ್ಳಿದರೆ ಆ ವ್ಯಾಜ್ಯ ಅವನು ಮುಟ್ಟುವುದಿಲ್ಲವೆಂದು ಕೂಸಿಗೂ ಗೊತ್ತು. ಆಮೇಲೆ 'ನಾಳೆ ಬಾ, ನೋಡೋಣ' ಎಂದದ್ದೆಲ್ಲ ಬರೀ ಮರ್ಯಾದೆಯ ಮಾತು. ಬೈರಮ್ಮ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಮೇಷ್ಟರು ಗಂಡನನ್ನು ಕಳ್ಳನೆಂದರು, ಕೋಳಿ ಮುಟ್ಟಲಿಲ್ಲ, ಕೈ ಮುಗಿದರು. ಇನ್ನೇನು ಉಳಿಯಿತು? ಆ ದಫೇದಾರನೇ ವಾಸಿ, ಕೊಟ್ಟದ್ದನ್ನು ಇಟ್ಟುಕೊಂಡಾದರೂ ಇದ್ದ.

ಸೋಮವಾರ ಅರಳಿಮರದ ಕೆಳಗೆ ಏಕಾಂತಯ್ಯನವರು ಮುಚ್ಚುಕೋಟು ತೊಟ್ಟು ನಿಂತೇ ಇದ್ದರು. ಹತ್ತಾಯಿತು, ಹನ್ನೊಂದಾಯಿತು. ಬದರಿನಾಥ ಕರಿಕೋಟಿನಲ್ಲಿ ಬೆವರುತ್ತ ಸೈಕಲ್ಲಿಗೆ ಒರಗಿಕೊಂಡ. ವಯಸ್ಸು ಚಿಕ್ಕದು, ನಾಲಿಗೆ ಸ್ವಲ್ಪ ಉದ್ದ.

"ಸಾರ್, ಆಯಮ್ಮ ಬರ್ದಿದ್ರೆ ನಾನು ಯಾರ ಪರ ಅಂತ ನಿಂತ್ಕೊಳ್ಲಿ? ಸಂವಿಧಾನದ ಪರಾನಾ?"

"ಬರ್ತಾಳೋ, ತಡಿ."

"ಬರಲ್ಲ ಸಾರ್. ಅಷ್ಟರಲ್ಲಿ ಸ್ಟೇಷನ್ನಲ್ಲೇ ರಾಜಿ ಆಗೋಗಿರತ್ತೆ. ನಾನು ನೋಡಿಲ್ವಾ?"

ಏಕಾಂತಯ್ಯನವರು ಮಧ್ಯಾಹ್ನ ಮನೆಗೆ ಬಂದಾಗ ಸಿಟ್ಟು ನೆತ್ತಿಗೇರಿತ್ತು. ಚಪ್ಪಲಿ ಬಿಟ್ಟ ಸದ್ದಿಗೇ ಕಮಲಾದೇವಿಗೆ ಗೊತ್ತಾಯಿತು.

"ಈ ಜನಕ್ಕೆ ಹಕ್ಕು ಬೇಕಾಗಿಲ್ಲ ಕಮಲಾ. ಕೋಳಿ ಕೊಟ್ಟು ಕಾಲು ಹಿಡಿಯೋದು, ಅಷ್ಟೇ ಗೊತ್ತು ಇವರಿಗೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ನಾನು ಬಿಸಿಲಾಗೆ ಒಣಗಿದ್ದೇ ಬಂತು."

ಕಮಲಾದೇವಿ ನೀರು ಕೊಟ್ಟರು. ಕುಡಿದು ಮುಗಿಸುವ ತನಕ ಕಾದರು. ಈ ಮನುಷ್ಯ ಎಲ್ಲ ಓದಿದ್ದಾರೆ, ಎದುರಿಗಿದ್ದವರ ಮುಖ ಒಂದು ಬಿಟ್ಟು ಎಂದು ಅವರಿಗೆ ಮದುವೆಯಾದ ವರ್ಷವೇ ತಿಳಿದಿತ್ತು.

"ನಮ್ಮಪ್ಪ ಸಂಬಂಧ ಕೇಳಾಕೆ ನಿಮ್ಮನಿಗೆ ಬಂದಾಗ ಏನಾಗಿತ್ತು, ನೆನಪೈತಾ?" ಎಂದರು.

"ಈಗ ಅದ್ಯಾಕೆ?"

"ನಿಮ್ಮ ಅವ್ವಾರು ಯಾವುದೋ ಕೆಲಸದ ಗಡಿಬಿಡಿಯಾಗೆ ತಾಂಬೂಲದ ತಟ್ಟೆ ಹಂಗೇ ಹಿಂದಕ್ಕೆ ಕೊಟ್ಟರು. ನಮ್ಮಪ್ಪ ಒಂದು ಮಾತೂ ಆಡದೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋದ. ನಿಮ್ಮ ಅಪ್ಪಾರು ಬರಿಗಾಲಾಗೆ ಓಡಿ ಬಂದು, ಅಲ್ಲೇ ರಸ್ತೆಯಾಗೆ ಆ ಎಲೆ ಇಸ್ಕೊಂಡು ಬಾಯಿಗೆ ಹಾಕ್ಕೊಂಡ್ರಂತೆ. ಅದಕ್ಕೇ ನಾನು ಇವತ್ತು ಈ ಮನಿಯಾಗೆ ನಿಂತೀನಿ. ನಿನ್ನೆ ಆಕಿ ಕೋಳಿ ಕಾಲಿನ ಹುರಿ ಬಿಗಿ ಮಾಡ್ಕೊಂಡು ಹೋಗಿದ್ದು ನೀವು ನೋಡ್ಲಿಲ್ಲ. ನಾ ನೋಡಿದೆ. ನಂಗೂ ಈಗ ಹೊಳೀತು ಅನ್ರಿ."

ಏಕಾಂತಯ್ಯನವರು ಲೋಟ ಕೆಳಗಿಟ್ಟರು. "ನಿಂಗೆ ಗೊತ್ತಿಲ್ಲೇನು ಕಮಲಾ, ನಾ ಯಾಕೆ ಮುಟ್ಟಲ್ಲ ಅಂತ?"

ಗೊತ್ತಿತ್ತು. ಚಳವಳಿಯ ದಿನಗಳಲ್ಲಿ ಏಕಾಂತಯ್ಯನವರನ್ನು ಹಿಡಿದು ಲಾಕಪ್ಪಿನಲ್ಲಿ ಇಟ್ಟಿದ್ದಾಗ ಅವರ ತಾಯಿ ದಿನಾ ಒಂದು ಗಿಂಡಿ ತುಪ್ಪ ಹೊತ್ತು ಠಾಣೆಗೆ ಹೋಗುತ್ತಿದ್ದರು. ತುಪ್ಪ ಹೋದ ದಿನ ಏಟು ಕಡಿಮೆ. ಹೊರಗೆ ಬಂದ ಮೇಲೂ ಎಷ್ಟೋ ವರ್ಷ ತುಪ್ಪದ ವಾಸನೆಗೆ ಏಕಾಂತಯ್ಯನವರಿಗೆ ಊಟ ಸೇರುತ್ತಿರಲಿಲ್ಲ.

"ಎಲ್ಲಾ ಗೊತ್ತೈತಿ," ಎಂದರು ಕಮಲಾದೇವಿ. "ಆದರೆ ಯಾವತ್ತಾದರೂ ಒಂದು ದಿನ ಆ ಠಾಣೆಯಾಗೆ ತುಪ್ಪ ಬ್ಯಾಡ ಅಂತ ಹಿಂದಕ್ಕೆ ಕಳಿಸಿದ್ರೆ, ಅವ್ವಾರು ನೀವು ಸತ್ತೇ ಹೋದ್ರಿ ಅಂತ ತಿಳೀತಿದ್ರು. ಏಳ್ರಿ. ಸಂಜೆಗೆ ಆಕಿ ಹೆಬ್ಬೆಟ್ಟು ಒತ್ತಿಬಿಡ್ತಾಳೆ."

ಏಕಾಂತಯ್ಯನವರು ಊಟಕ್ಕೆ ಕೂರಲಿಲ್ಲ. ಮೂಲೆಯ ಅಂಗಡಿಯಿಂದ ಬದರಿನಾಥನಿಗೆ ಫೋನು ಮಾಡಿ, ಕೋರ್ಟು ಬಿಟ್ಟು ಕದಲಬೇಡ ಎಂದರು. ಜಟಕಾ ಹಿಡಿದರು. ಅರ್ಧ ಎದ್ದ ಮನೆಗಳ, ಜಲ್ಲಿ ರಾಶಿಗಳ ನಡುವೆ ಜಟಕಾ ಕುಲುಕಾಡುತ್ತ ಮಾರೇನಹಳ್ಳಿ ಸೇರಿದಾಗ, ಬೈರಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ತಲೆ ಬಾಚಿ, ತೊಳೆದ ಸೀರೆ ಉಟ್ಟಿದ್ದಳು. ಕಂಕುಳಲ್ಲಿ ಅದೇ ಕೆಂಚು ಕೋಳಿ.

"ಎಲ್ಲಿಗೆ ಹೊರಟೆ?"

"ಟೇಸನ್ನಿಗೆ."

"ಒತ್ತಬ್ಯಾಡ ಅಂದಿದ್ದೆನಲ್ಲ ನಾನು?"

"ಇನ್ನೇನ್ ಮಾಡ್ಲಿ ಬುದ್ಧಿ?" ಈಗ ಆಕೆಯ ದನಿ ಒಡೆಯಿತು. "ನೀವು ದೊಡ್ಡೋರು, ಕೈ ಬುಟ್ರಿ. ಅವ್ರು ಒಳ್ಗೆ ಸತ್ತೋದ್ರೆ ನಾ ಯಾರ್ನ ಕೇಳ್ಲಿ? ಕಳ್ಳನ ಹೆಂಡ್ರು ಅನ್ನುಸ್ಕೊಂಡೇನು ಹೋಗ್ಲಿ, ತಾಳಿ ಉಳಿದ್ರೆ ಸಾಕು."

"ನಾನು ಯಾವಾಗ ಕೈ ಬಿಟ್ಟೆ?"

ಬೈರಮ್ಮ ಕೋಳಿಯನ್ನು ನೋಡಿದಳು. ಏಕಾಂತಯ್ಯನವರೂ ಕೋಳಿಯನ್ನು ನೋಡಿದರು. ಆಮೇಲೆ ಮುಚ್ಚುಕೋಟಿನ ತೋಳುಗಳನ್ನು ಸ್ವಲ್ಪ ಮೇಲಕ್ಕೆಳೆದುಕೊಂಡು ಎರಡೂ ಕೈ ಮುಂದೆ ಚಾಚಿದರು.

"ಕೊಡು."

"ಬುದ್ಧಿ?"

"ಕೋಳಿ ಕೊಡು. ನಂಗೆ ಅಂತ ತಂದಿದ್ದು ಹೌದೋ ಅಲ್ಲೋ? ಇದು ನಂದು. ನನ್ನ ಕೋಳೀನ ನೀನು ಇನ್ಯಾರಿಗೋ ಹೆಂಗೆ ಕೊಡ್ತೀ?"

"ನೀವು ಲಿಂಗವಂತ್ರು ಬುದ್ಧಿ..."

"ನಾನೇನು ಸಾರು ಮಾಡ್ತೀನಿ ಅಂದ್ನೇನು? ಕೊಡಿಲ್ಲಿ."

ಕೊಟ್ಟಳು. ಪಕ್ಕದ ಮನೆಯ ಒದ್ದೆ ಕೂಸನ್ನು ಎತ್ತಿಕೊಂಡವರ ಹಾಗೆ ಏಕಾಂತಯ್ಯನವರು ಅದನ್ನು ಮೈಯಿಂದ ದೂರಕ್ಕೆ ಹಿಡಿದುಕೊಂಡರು. ಕೋಳಿ ರೆಕ್ಕೆ ಬಡಿದು, ಅವರ ಕೋಟಿನ ಮೇಲೆ ತನ್ನ ಗುರುತನ್ನೂ ಮಾಡಿತು. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೈರಮ್ಮ ಮಾತ್ರ ನಗಲಿಲ್ಲ. ಅವಳ ಮುಖದಲ್ಲಿ ನಿನ್ನೆಯಿಂದ ಮುಚ್ಚಿದ್ದ ಬಾಗಿಲು ತೆರೆದ ಹಾಗಾಯಿತು. ಒಂದು ಮಾತೂ ಕೇಳದೆ ಜಟಕಾ ಹತ್ತಿದಳು.

ದಾರಿಯಲ್ಲಿ ಬಹಳ ಹೊತ್ತಾದ ಮೇಲೆ, "ಕದ್ದಿದ್ರೂ ಅಂದ್ರಲ್ಲ ಬುದ್ಧಿ, ನಿನ್ನೆ," ಎಂದಳು.

ಏಕಾಂತಯ್ಯನವರಿಗೆ ಮಡಿಲ ಕೋಳಿಯನ್ನು ಸಂಭಾಳಿಸುವುದೇ ಆಗಿತ್ತು. ಸ್ವಲ್ಪ ಯೋಚಿಸಿ ಹೇಳಿದರು. "ಕದ್ದೋನಿಗೂ ಇಷ್ಟು ಹಕ್ಕೈತಿ ಅಂದ್ರೆ, ಅಪ್ಪನಿಗೆ ಹಾಲು ಬಿಡಾಕೆ ಹೋದೋನಿಗೆ ಎಷ್ಟಿರಬೇಕು, ನೀನೇ ಹೇಳು."

"ಹಂಗನ್ನಿ ಮತ್ತೆ," ಎಂದಳು ಬೈರಮ್ಮ. "ಅದ್ನ ನಿನ್ನೆಯೇ ಹಿಂಗೆ ಹೇಳಿದ್ರೆ ಆಗ್ತಿರ್ನಿಲ್ವಾ?"

ನಾಲ್ಕನೇ ಬ್ಲಾಕಿನ ಮನೆಯ ಗೇಟಿನ ಮುಂದೆ ಜಟಕಾ ಒಂದು ಗಳಿಗೆ ನಿಂತಿತು. ಏಕಾಂತಯ್ಯನವರು ಇಳಿಯದೆಯೇ ಕೋಳಿಯನ್ನು ಕೆಳಗೆ ಚಾಚಿದರು. ಕಮಲಾದೇವಿ ಜೀವಮಾನದಲ್ಲಿ ಮೊದಲ ಸಲ ಕೋಳಿಯೊಂದನ್ನು ಕೈಯಲ್ಲಿ ಹಿಡಿದು, "ಇದರ ಮೈ ಎಷ್ಟು ಬೆಚ್ಚಗೈತ್ರೀ!" ಎಂದರು. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು.

ಬೈರಮ್ಮ ಅವತ್ತು ಹೆಬ್ಬೆಟ್ಟು ಒತ್ತಿದಳು, ಬದರಿನಾಥ ಬರೆದ ಅರ್ಜಿಗೆ. ಒತ್ತುವ ಮೊದಲು "ಇದ್ರಲ್ಲಿ ಏನ್ ಬರ್ದೈತೆ?" ಎಂದು ಕೇಳಿದಳು. ಬದರಿನಾಥ ಗಡಿಯಾರ ನೋಡುತ್ತ "ಅದೇ ಅಮ್ಮಾ, ಎಲ್ಲಾ ಬರ್ದಿದೀನಿ" ಎಂದಾಗ, ಆಕೆ ಬೆರಳು ಮಡಿಚಿಕೊಂಡು ನಿಂತಳು. ಅವನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಬೇಕಾಯಿತು. ಮ್ಯಾಜಿಸ್ಟ್ರೇಟರು ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ಅರ್ಜಿ ಅವರ ಮುಂದೆ ಹೋಯಿತು. ನಾಳೆ ಬೆಳಿಗ್ಗೆ ಬೋರಣ್ಣನನ್ನು ಹಾಜರುಪಡಿಸಬೇಕೆಂದು ಆದೇಶವಾಯಿತು. ಬೆಳಿಗ್ಗೆಯೇ ಅರ್ಜಿ ಬಂದಿದ್ದರೆ ಇವತ್ತೇ ತರಿಸುತ್ತಿದ್ದೆ ಎಂದು ಅವರು ಕನ್ನಡಕ ತೆಗೆಯುತ್ತ ಹೇಳಿದರು.

ಮಾರನೆಯ ದಿನ ಬೋರಣ್ಣನನ್ನು ಇಬ್ಬರು ಕಾನ್‌ಸ್ಟೇಬಲ್ಲುಗಳ ನಡುವೆ ಕರೆತಂದರು. ಅವನು ಅಂಗಾಲು ಊರದೆ, ಪಾದದ ಅಂಚಿನ ಮೇಲೆ ನಡೆಯುತ್ತಿದ್ದ. ಕಾಲಿಗೇನಾಯಿತು ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಬೋರಣ್ಣ ದಫೇದಾರನ ಕಡೆ ನೋಡಿ, "ಬಿದ್ದೆ ಸ್ವಾಮಿ" ಎಂದ. ಮ್ಯಾಜಿಸ್ಟ್ರೇಟರು ಅದನ್ನು ನಂಬಲಿಲ್ಲ. ಡಾಕ್ಟರಿಗೆ ತೋರಿಸಿ ವರದಿ ತರಲು ಹೇಳಿ, ಇಷ್ಟು ದಿನ ಯಾಕೆ ತರಲಿಲ್ಲವೆಂದು ಠಾಣೆಯಿಂದ ಸಮಜಾಯಿಷಿ ಕೇಳಿ, ಏಕಾಂತಯ್ಯನವರ ಜಾಮೀನಿನ ಮೇಲೆ ಅವನನ್ನು ಬಿಟ್ಟರು. ಕೇಸು ಮಾತ್ರ ಉಳಿಯಿತು. ಚೊಂಬು ಕೇಸಿನ ಮಾಲಾಗಿ, ಮೈಗೆ ಒಂದು ಚೀಟಿ ಅಂಟಿಸಿಕೊಂಡು ಕೋರ್ಟಿನ ಕಪಾಟು ಸೇರಿತು.

ಹೊರಗೆ ಅರಳಿಮರದ ಕೆಳಗೆ ಕೂತಾಗ ಬೈರಮ್ಮ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, "ಯಾವತ್ತು ಹೊಡುದ್ರು?" ಎಂದಳು.

"ದಿನಾ ಅಷ್ಟಿಷ್ಟು. ನಿನ್ನೆ ರಾತ್ರೀದು ಜಾಸ್ತಿ ಆಯ್ತು. ನೀನು ಬರ್ನಿಲ್ಲ ಅಂತ."

ಏಕಾಂತಯ್ಯನವರು ಎದ್ದು ಮರದ ಆ ಬದಿಗೆ ಹೋದರು. ನಿನ್ನೆಯ ರಾತ್ರಿ ಯಾರ ಲೆಕ್ಕಕ್ಕೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದದ್ದು ನೆನಪಾಗಿ, ಅರವತ್ತು ದಾಟಿದ ಆ ಮನುಷ್ಯ ಮರಕ್ಕೆ ಮುಖ ಮಾಡಿಕೊಂಡು ಅತ್ತರು. ಬದರಿನಾಥ ನೋಡಿದ. ನೋಡಿ, ಸೈಕಲ್ಲಿನ ಬೀಗ ತೆಗೆಯುವವನ ಹಾಗೆ ಅತ್ತ ತಿರುಗಿಕೊಂಡ.

ಬೋರಣ್ಣ ಗೋಡೆ ಹಾರಿದ್ದ ಆ ಮನೆಯವರ ಹತ್ತಿರ ಏಕಾಂತಯ್ಯನವರೇ ಹೋಗಿ ಮಾತಾಡಿದರು. ತಮ್ಮ ಬಾಳೆಗಿಡದ ಬುಡದಲ್ಲಿ ಯಾರೋ ಮಲಗಿದ್ದಾರೆಂದು ತಿಳಿದು ಆ ಮನೆಯೊಡತಿ ಬಿಳಿಚಿಕೊಂಡರಂತೆ. ಕೊನೆಗೆ, ಬರೋದಾದರೆ ಹಗಲಲ್ಲಿ ಬರಲಿ, ಗೇಟಿನಿಂದ ಬರಲಿ, ನಾವೇನು ಬೇಡ ಅನ್ನೋಲ್ಲ ಎಂದರು. ಬೋರಣ್ಣನಿಗೆ ಈ ಮಾತು ಮುಟ್ಟಿತು. ಆದರೆ ಅವನು ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅಂಗಾಲಿನ ಬಾವು ಇಳಿದರೂ ಒಳಕೋಣೆಯ ಕತ್ತಲಲ್ಲಿ ಕೂತಿರುತ್ತಿದ್ದ. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಕಣಜದ ಹಿಂದಕ್ಕೆ ಸರಿಯುತ್ತಿದ್ದ. ಬೈರಮ್ಮ ಬೈದು ನೋಡಿದಳು, ಅತ್ತು ನೋಡಿದಳು. ಏನೂ ಆಗಲಿಲ್ಲ.

ಯುಗಾದಿ ಬಂತು. ಹಿಂದಿನ ದಿನ ಅಮಾವಾಸ್ಯೆ. ಹಬ್ಬದ ಮರುದಿನದ ವರ್ಷತೊಡಕಿಗೆ ಊರಿಗೆ ಊರೇ ಬಾಡೂಟ ಮಾಡುತ್ತದೆ. ಅದಕ್ಕೆಂದು ದಫೇದಾರ ಪ್ರತಿವರ್ಷ ಅಮಾವಾಸ್ಯೆಯ ದಿನವೇ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮಾರೇನಹಳ್ಳಿಗೆ ಬರುತ್ತಿದ್ದ. ಯಾರೂ ಕರೆದದ್ದಲ್ಲ, ಯಾರೂ ಬೇಡ ಎಂದದ್ದೂ ಅಲ್ಲ. ಈ ವರ್ಷವೂ ಬಂದ. ಬೈರಮ್ಮನ ಮನೆ ಮುಂದೆ ಒಂದು ಕಾಲೂರಿ, ಬೆಲ್ಲು ಹೊಡೆದ. ಒಳಗೆ ಕಣಜದ ಹಿಂದೆ ಸರಬರ ಸದ್ದಾಯಿತು.

ಬೈರಮ್ಮ ಸಗಣಿ ಕೈಯಲ್ಲೇ ಅಂಗಳಕ್ಕೆ ಬಂದಳು.

"ಏನಮ್ಮಾ, ಹೆಂಗವ್ನೆ ನಿನ್ ಗಂಡ? ಆಗಿದ್ದು ಆಗೋಯ್ತು, ಬುಡು. ನಿಮ್ಮಂಗಳದಲ್ಲಿ ಮೇಯ್ತಿತ್ತಲ್ಲ ಆ ಕೆಂಚು ಕೋಳಿ, ಸಖತ್ತಾಗಿತ್ತು. ಎಲ್ಲಿ, ಹಿಡ್ಕೊಂಬಾ."

"ಅದು ಇಲ್ಲಿಲ್ಲ."

"ಮತ್ತೆಲ್ಲೈತೆ?"

"ಜಯನಗರದಾಗೈತೆ. ನಾಕ್ನೇ ಬ್ಲಾಕು. ಏಕಾಂತಯ್ಯನೋರ ಮನೇಲಿ." ಬೈರಮ್ಮ ಕೈಯನ್ನು ಗೋಡೆಗೆ ಒರೆಸಿದಳು. "ಬೇಕಾದ್ರೆ ಹೋಗಿ ಇಸ್ಕೊಳಿ. ವಕೀಲ್ರೂ ಅಲ್ಲೇ ಇರ್ತಾರೆ."

ದಫೇದಾರ ಅವಳನ್ನು ನೋಡಿದ. ಬೀದಿಯ ಆಚೆಗೆ ಈಚೆಗೆ ನೋಡಿದ. ಪಕ್ಕದ ಮನೆಯ ಅಂಗಳದಲ್ಲಿ ನಾರಾಯಣಮ್ಮ ಮೊರದಲ್ಲಿ ಕೇರುತ್ತಿದ್ದವಳು ಕೈ ನಿಲ್ಲಿಸಿ, ಮರಿಗಳೊಂದಿಗೆ ಕೆದಕುತ್ತಿದ್ದ ತನ್ನ ಕೋಳಿಯನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ಅಟ್ಟಿದಳು. ಅವನು ಪೆಡಲು ತುಳಿದ. ಖಾಲಿ ಬುಟ್ಟಿ ಕಲ್ಲು ದಾರಿಯಲ್ಲಿ ಗಡಗಡ ಸದ್ದು ಮಾಡುತ್ತ ದೂರ ಹೋಯಿತು.

ಆಗ ಬೈರಮ್ಮ ಜಗುಲಿಯ ಕಂಬ ಹಿಡಿದು ಕೂತಳು. ಹಿಂದೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು.

"ಹಾಲೈತೇನೇ?" ಎಂದ ಬೋರಣ್ಣ.

"ಐತೆ. ಚೊಂಬಿಲ್ವಲ್ಲ."

"ಮಡಿಕೇಲಿ ಕೊಡು."

ಕೊಟ್ಟಳು. ಅವನು ಹೆಗಲ ಮೇಲೊಂದು ಟವಲು ಹಾಕಿಕೊಂಡು ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟ. ಹಿತ್ತಿಲ ಕಡೆಯ ಓಣಿ ಬಿಟ್ಟು ದೊಡ್ಡ ರಸ್ತೆಯನ್ನೇ ಹಿಡಿದ. ಬಿಸಿಲು ನೆತ್ತಿಯ ಮೇಲಿತ್ತು. ಹಾಲು ತುಳುಕದ ಹಾಗೆ ಅವನು ನಿಧಾನವಾಗಿ, ಅಂಗಾಲು ಪೂರ್ತಿ ಊರಿ ನಡೆಯುತ್ತಿದ್ದ.